ಒಂದೇ ಮನೆಹೆಸರು, ಬೇರೆ ಒಲೆ

ಮೂಡಲಪಾಳ್ಯದಲ್ಲಿ ಯಾರ ಮನೆಯಲ್ಲಿ ಹೆಪ್ಪು ಮುಗಿದರೂ ಲಿಂಗಮ್ಮನ ಮನೆಯಲ್ಲಿ ಸಿಗುತ್ತಿತ್ತು. ಅಂಥ ಲಿಂಗಮ್ಮ ಆ ಬೆಳಿಗ್ಗೆ ಗಡಿಗೆಯ ಮೊಸರನ್ನೆಲ್ಲ ತಿಪ್ಪೆಗೆ ಸುರಿದುಬಿಟ್ಟಳು. ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದ ಪಕ್ಕದ ಮನೆ ಇಂದ್ರಮ್ಮ ಬಾಯಿ ಬಿಟ್ಟುಕೊಂಡು ನಿಂತಳು.

"ಯಾಕಕ್ಕಾ, ಬೆಕ್ಕು ಬಾಯಿ ಹಾಕ್ತಾ?"

"ಬೆಕ್ಕಲ್ಲ ಕಣೇ, ಯಮ! ಇನ್ಮೇಲೆ ಈ ಮನೇಲಿ ಮೊಸರಿಲ್ಲ."

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿರಿಮಗಳು ಹೆತ್ತ ವಾರದಲ್ಲೇ ಬಾಣಂತಿ ಜ್ವರ ಬಂದು ತೀರಿಕೊಂಡಿದ್ದಳು. ಆ ಜ್ವರ ತಂದ ಕ್ರಿಮಿಯ ಹೆಸರು ಸ್ಟ್ರೆಪ್ಟೊಕಾಕಸ್ ಎಂದು ಡಾಕ್ಟರು ಹೇಳಿದ್ದನ್ನು ತಾಯಿ ಮರೆತಿರಲಿಲ್ಲ. ಈಗ ಕಿರಿಮಗಳು ಪಂಕಜಾ ತುಂಬು ಗರ್ಭಿಣಿ, ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಹಿಂದಿನ ಸಂಜೆ ಕಾಲೇಜು ಓದುವ ಮಗ ಕೃಷ್ಣಪ್ಪ, ಹಾಲನ್ನು ಮೊಸರು ಮಾಡುವ ಕ್ರಿಮಿ ಸ್ಟ್ರೆಪ್ಟೊಕಾಕಸ್ ಎಂದು ಗಟ್ಟಿಯಾಗಿ ಪಾಠ ಓದಿದ. ಅಷ್ಟು ಸಾಕಾಯಿತು.

ಪಂಕಜಾಗೆ ಮೊಸರನ್ನ ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ತಟ್ಟೆ ಮುಟ್ಟದೆ, ಮುಖ ಬಾಡಿಸಿಕೊಂಡು ಕೂತಿದ್ದಳು. ಇಂದ್ರಮ್ಮ ಬಟ್ಟಲನ್ನು ಅಲ್ಲೇ ಇಟ್ಟು ಹೊರಟಳು. ಕೆಂಗೇರಿ ಆಸ್ಪತ್ರೆಯಿಂದ ಊರಿಗೆ ಬಂದಿದ್ದ ನರ್ಸ್ ವತ್ಸಲಾ ಅವರನ್ನು ಹೋಗಿ ಕರೆತಂದಳು.

ವತ್ಸಲಾ ಎಲ್ಲ ಕೇಳಿದರು. "ಕೃಷ್ಣಪ್ಪ ಓದಿದ್ದು ಸರೀನೇ ಲಿಂಗಮ್ಮನೋರೇ. ಎರಡಕ್ಕೂ ಅದೇ ಹೆಸರು."

"ನೋಡಿದ್ರಾ ಮತ್ತೆ!"

"ಇರಿ. ನಿಮ್ಮನ್ನ ಊರಲ್ಲಿ ಏನಂತಾರೆ?"

"ದೊಡ್ಡಮನೆಯೋರು ಅಂತಾರೆ."

"ನಿಮ್ಮ ಭಾವನ ಮನೆಯೋರ್ನ?"

"ಅವ್ರೂ ದೊಡ್ಡಮನೆಯೋರೇ. ಪಾಲಾಗಿ ಒಲೆ ಬೇರೆ ಆಗೋಯ್ತು. ಅವ್ರ ಸುದ್ದಿ ಎತ್ತಬೇಡಿ ತಾಯಿ, ಬಾವಿಕಟ್ಟೇಲೂ ಜಗಳ ತೆಗೀತಾರೆ."

"ಅವ್ರು ಜಗಳ ತೆಗೆದ್ರೆ ನಿಮ್ಮನ್ನ ಬಯ್ಯಬೋದಾ?"

"ಅದೆಂಗಾಯ್ತದೆ?"

"ಇದೂ ಹಂಗೇ. ನೋಡೋಕೆ ಈ ಕ್ರಿಮಿಗಳೆಲ್ಲಾ ಮಣಿಸರದ ಥರ ಇದ್ವು ಅಂತ ಒಂದೇ ಹೆಸರಿಟ್ರು. ಆಮೇಲೆ ಗುಣ ನೋಡಿ ಗುಂಪು ಪಾಲು ಮಾಡಿದಾರೆ. ಮೊಸರಿನದು ಒಂದು ಗುಂಪು, ಜ್ವರದ್ದು ಇನ್ನೊಂದು. ಹೆಸರು ಮಾತ್ರ ಇನ್ನೂ ಪಾಲಾಗಿಲ್ಲ."

"ಹಂಗಾದ್ರೆ ಆ ಕೆಟ್ಟದ್ದು ಎಲ್ಲಿರ್ತದೆ?" ಲಿಂಗಮ್ಮನ ದನಿ ಒಡೆದಿತ್ತು, ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಗಂಟಲು ನೋವಾ?"

"ಎಂಜಲು ನುಂಗೋಕಾಗಲ್ಲ. ಮೈಯೂ ಬೆಚ್ಚಗಿದೆ. ಅದಿರ್ಲಿ ಬಿಡಿ."

"ಬಿಡೋ ಹಾಗಿಲ್ಲ. ಅಂಥ ಗಂಟಲಲ್ಲೇ ಅದು ಇರಬೋದು. ಕೀವಾದ ಗಾಯದಲ್ಲಿ, ತೊಳೀದಿರೋ ಕೈಯಲ್ಲಿ. ಹೆರಿಗೆ ಹೊತ್ನಲ್ಲಿ ಅಲ್ಲಿಂದ ತಾಯಿ ಮೈಗೆ ಸೇರುತ್ತೆ."

ಹಿರಿಮಗಳ ಹೆರಿಗೆ ಮಾಡಿಸಿದ್ದು ಲಿಂಗಮ್ಮನೇ. ಇದನ್ನೂ ತಾನೇ ಮಾಡಿಸಬೇಕೆಂದಿದ್ದಳು. ಅಂಗೈ ನೋಡಿಕೊಂಡು ಅತ್ತಳು.

"ಈ ಕೈಯಿಂದಾನೇ ಹೋದ್ಲಾ ತಾಯಿ?"

ವತ್ಸಲಾ ಆ ಕೈಗಳನ್ನು ಹಿಡಿದುಕೊಂಡರು. "ಅದು ಯಾರಿಗೂ ಗೊತ್ತಿಲ್ಲ. ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಆಸ್ಪತ್ರೆಗೆ ಬನ್ನಿ, ಔಷಧಿ ಕೊಡಿಸ್ತೀನಿ. ಗಂಟಲು ವಾಸಿಯಾಗೋವರೆಗೂ ಮಗಳಿಂದ ದೂರ ಇರಿ. ಹೆರಿಗೆಗೆ ನಾನು ಬರ್ತೀನಿ." ಆಮೇಲೆ ಸೋಪು ಕೇಳಿ ಕೈ ತೊಳೆದುಕೊಂಡರು.

ಇಂದ್ರಮ್ಮ ಹಾಲು ಕಾಯಿಸಿ, ತೊಳೆದ ಪಾತ್ರೆಯಲ್ಲಿ ಹೆಪ್ಪು ಹಾಕಿದಳು.

"ಹೆಪ್ಪು ಎಲ್ಲಿ ಸಿಕ್ತೇ?"

"ನಿಮ್ಮ ಭಾವನ ಮನೇಲಿ!"

ಲಿಂಗಮ್ಮ ಅಳುವಿನ ನಡುವೆಯೇ ನಕ್ಕಳು. ಮರುದಿನ ಪಂಕಜಾ ಹೊಟ್ಟೆ ತುಂಬ ಉಂಡಳು.

ಲಿಂಗಮ್ಮನ ಗಂಟಲು ಪೂರ್ತಿ ವಾಸಿಯಾಗುವ ಮೊದಲೇ ಪಂಕಜಾಗೆ ಹೆರಿಗೆ ನೋವು ಕಾಣಿಸಿಕೊಂಡಿತು. ವತ್ಸಲಾ ಬಂದು ಮೊಳಕೈವರೆಗೂ ಸೋಪು ಹಚ್ಚಿ ತೊಳೆದರು, ಕತ್ತರಿ ಕುದಿಸಿದರು. ಲಿಂಗಮ್ಮ ಹೊಸ್ತಿಲಾಚೆ ನಿಂತಳು. ಮಗುವಿನ ಅಳು ಕೇಳಿದಾಗ ಓಡಿಹೋಗಿ ಎತ್ತಿಕೊಳ್ಳಬೇಕೆನಿಸಿತು. ಹೋಗಲಿಲ್ಲ.

"ಅವ್ವಾ, ಹೆಣ್ಣು ಕಣವ್ವಾ. ಮುಖ ಎಲ್ಲಾ ಅಕ್ಕಂದೇ," ಎಂದಳು ಒಳಗಿನಿಂದ ಪಂಕಜಾ.

"ಇರ್ಲಿ ಮಗಾ. ವಾಸಿಯಾದ್ಮೇಲೆ ಎತ್ಕೊತೀನಿ," ಎಂದಳು ಲಿಂಗಮ್ಮ, ಬಾಯಿಗೆ ಸೆರಗು ಒತ್ತಿಕೊಂಡು.

ಪಂಕಜಾಗೆ ಜ್ವರ ಬರಲಿಲ್ಲ.

ಅಕ್ಕತಂಗಿಯರೇ, ಹೆಸರು ಕೇಳಿ ಹೆದರಿ ಮೊಸರು ಚೆಲ್ಲಬೇಡಿ. ಹೆರಿಗೆ ಮಾಡಿಸುವ ಕೈಯನ್ನು ಸೋಪು ಹಾಕಿ ತೊಳೆಸಿ. ಬಾಣಂತಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಟಲು ನೋವಿದ್ದರೆ, ಕೀವಿನ ಗಾಯವಿದ್ದರೆ ಬಾಣಂತಿಯ ಕೋಣೆಗೆ ಹೋಗಬೇಡಿ, ಹೆತ್ತ ತಾಯಿಯಾದರೂ ಸರಿ. ಹೊಸ್ತಿಲಾಚೆ ನಿಲ್ಲುವುದು ಬಹಳ ಕಷ್ಟ. ಲಿಂಗಮ್ಮ ನಿಂತಳು. ನೀವೂ ನಿಲ್ಲಿ.