ಎತ್ತಿನ ಮಣ್ಣು

ರಂಜನಿ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ನಾಶಿಕದ ಆ ಮಣ್ಣುಪರೀಕ್ಷೆಯ ಪ್ರಯೋಗಾಲಯಕ್ಕೆ ಅವಳು ಮುಖ್ಯಸ್ಥೆ, ಶಶಿಕಾಂತ ಟೆಕ್ನಿಷಿಯನ್.

"ಗಂಗಾಪುರದ ಈ ಮಣ್ಣಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ಹೋದ ವಾರ ಬರೆದಿದ್ರಿ, ಅಲ್ವಾ?"

"ಹೌದ್ರಿ ಮೇಡಂ. ಏನೂ ಬೆಳೆದಿದ್ದಿಲ್ಲ."

"ಬರೀ ಅಗರ್ ಅಂಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಈ ಸಲ ಜೇಡಿಮಣ್ಣೂ ಮಣ್ಣಲ್ಲೇ ಇರೋ ಹ್ಯೂಮಿಕ್ ಆಮ್ಲವೂ ಬೆರೆಸಿದೆ. ತಮ್ಮ ಮನೆಗೆ ಬಂದ ಹಾಗೆ ಎದ್ದು ಕೂತಿವೆ, ನೋಡಿ."

ತಟ್ಟೆಯ ತುಂಬ ಅಂಚು ಹರಿದ ಬೂದುಬಣ್ಣದ ಚುಕ್ಕೆಗಳು. ಅವಳು ಆಗಲೇ ಹೊಲದವನಿಗೆ ಫೋನ್ ಮಾಡಿದ್ದಳು. ಎರಡು ವರ್ಷದ ಹಿಂದೆ ಮೂಗಿನಲ್ಲಿ ಕಪ್ಪುರಕ್ತ ಸೋರಿ ಸತ್ತ ಎತ್ತುಗಳನ್ನು ಅಲ್ಲೇ ಹೂಳಿದ್ದರಂತೆ.

"ನೆರಡಿ ರೋಗ, ಆಂಥ್ರಾಕ್ಸ್ ಇರಬಹುದು. ಚರ್ಮದ ಗಾಯದಿಂದ ಮನುಷ್ಯರಿಗೂ ಹತ್ತುತ್ತೆ. ಖಚಿತ ಆಗೋವರೆಗೂ ಆ ಮಣ್ಣಿನ ಚೀಲ ಸೀಲ್ ಮಾಡಿ."

ಚೀಲ ಅರ್ಧ ಖಾಲಿಯಾಗಿತ್ತು. ಉಳಿದರ್ಧ ಶಶಿಕಾಂತನ ಮನೆಯಲ್ಲಿತ್ತು. ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಲ್ಲಿ ಎತ್ತು ಮಾಡಿ ಪೂಜಿಸುವ ಹಬ್ಬ. ಈ ಊರ ಗರಸು ಮೊರಮು ಮಣ್ಣಿನಲ್ಲಿ ಎತ್ತಿನ ಕೋಡು ನಿಲ್ಲುವುದಿಲ್ಲವೆಂದು ಭಾಲ್ಕಿಯಿಂದ ಬಂದ ತಾಯಿ ಕಸ್ತೂರಿಬಾಯಿ ವರ್ಷವೂ ಗೊಣಗುತ್ತಿದ್ದಳು. ಇದು ಅಂಟು ಅಂಟಾದ ಕರಿಮಣ್ಣು, ಪರೀಕ್ಷೆಯೂ ಆಗಿದೆ ಎಂದು ಶಶಿಕಾಂತ ನಿನ್ನೆ ಒಯ್ದು ಕೊಟ್ಟಿದ್ದ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವನು ಸ್ಯಾಂಪಲ್ಲನ್ನು ಮನೆಗೆ ಒಯ್ಯುತ್ತಾನೆಯೇ? ಒಯ್ದಿದ್ದ. ತಾಯಿಯ ಮುಖ ಅರಳಿದ್ದನ್ನು ಕಂಡು ಬೀಗಿಯೂ ಇದ್ದ.

ಮನೆಯ ಫೋನ್ ರಿಂಗಾಯಿತು, ರಿಂಗಾಯಿತು. ಯಾರೂ ಎತ್ತಲಿಲ್ಲ. ಕೈಯೆಲ್ಲ ಮಣ್ಣಾಗಿದ್ದರೆ ಯಾರು ಎತ್ತುತ್ತಾರೆ? ರಂಜನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಬೈಕ್ ತೆಗೆದ.

ಪಡಸಾಲೆಯ ಮಣೆಯ ಮೇಲೆ ಐದು ಎತ್ತುಗಳು ನಿಂತಿದ್ದವು. ಕೊಂಬಿಗೆ ಕುಸುಬಿಯ ಕಾಳು, ಹಣೆಗೆ ವಿಭೂತಿ.

"ಏನ್ ಮಣ್ಣೋ ಯಪ್ಪಾ, ಬೆಣ್ಣಿ ಇದ್ದಂಗ ಅದ," ಎಂದಳು ಕಸ್ತೂರಿಬಾಯಿ.

"ಅವ್ವಾ, ಮುಟ್ಟಬ್ಯಾಡ. ಸಾಬಣ ಹಚ್ಚಿ ಕೈ ತೊಳಕೋ. ಶರ್ವಾಣಿ ಎಲ್ಲಿ?"

ಆರು ವರ್ಷದ ಮಗಳು ಒಳಗಿನಿಂದ ಬಂದಳು. ಹಬ್ಬವೆಂದು ಅಜ್ಜಿಯೇ ಶಾಲೆ ತಪ್ಪಿಸಿದ್ದಳು. ಹುಡುಗಿ ಮಣೆಯ ಮೇಲಿನ ಎರಡು ಎತ್ತುಗಳತ್ತ ಬೆರಳು ಮಾಡಿದಳು. "ಬಾಬಾ, ಬಘ್ನಾ, ದೋನ್ ಬೈಲ್ ನಾನೇ ಮಾಡಿದ್ದು."

ಅವಳನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ನಿಲ್ಲಿಸಿ ಮೂರು ಸಲ ಸೋಪು ಹಚ್ಚಿದ. ಅಂಗೈ ನೋಡಿದ, ಉಗುರಿನ ಸಂದಿ ನೋಡಿದ. ಎಲ್ಲೂ ಗಾಯವಿರಲಿಲ್ಲ. ಅವನಿಗೆ ಉಸಿರು ಬಂತು. ಆಮೇಲೆ ಮೊಣಕಾಲಿನ ಮೇಲೆ ಮೆತ್ತಿ ಒಣಗಿದ ಕರಿಮಣ್ಣು ಕಂಡಿತು.

"ಇದೇನವ್ವಾ?"

"ಮುಂಜಾನಿ ಅಂಗಳದಾಗ ಬಿದ್ದು ತರಚಕೊಂಡಾಳ. ಅಳಲಿಕ್ಕತ್ತಿದ್ಳು. ಎರಿಮಣ್ಣ ತಂಪ ಇರ್ತದಲ್ಲ, ಅದಕ್ಕ ದಪ್ಪಗ ಹಚ್ಚೀನಿ."

"ಈಗ ಉರಿ ಇಲ್ಲ, ಬಾಬಾ," ಎಂದಳು ಶರ್ವಾಣಿ.

ಶಶಿಕಾಂತ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಮಣ್ಣು ನೀರು ಕುಡಿದು ಮೆತ್ತಗಾಯಿತು, ಹೊಳೆಯಿತು, ಬಿಡಲಿಲ್ಲ.