ಚಲುವರಾಜುವಿನ ಕಲ್ಲು

"ಆ ಕಲ್ಲನ್ನ ಕಿತ್ತು ಲಾರೀಲಿ ಹಾಕ್ಕೊಂಡು ಬಂದ್ಬಿಟ್ಟವ್ರೆ ಕಣೆ ಆಂಡಾಳ್. ದೇವೀರಮ್ಮನ ಕಲ್ಲು."

ಆಮಿನಾ ಇದನ್ನು ಹೇಳಿದ್ದು ಮಂಡ್ಯದಲ್ಲಿ, ನಮ್ಮ ಕಾಲೇಜಿನ ಗೇಟಿನ ಮುಂದೆ. ಮದ್ದೂರಿನ ಬಸ್ಸು ಇಳಿದು ಅಲ್ಲಿಂದ ಓಡಿಕೊಂಡೇ ಬಂದಿದ್ದಳು.

"ಯಾರೇ ಹೇಳಿದ್ದು ನಿಂಗೆ?"

"ಯಾರ್ ಹೇಳ್ಬೇಕು, ನಾನೇ ನೋಡ್ದೆ. ನಿನ್ನೆ ಸಂಜೆ ನಮ್ಮ ಅಬ್ಬನ ಗ್ಯಾರೇಜಿಗೆ ಒಂದು ಲಾರಿ ಬಂತು, ಸ್ಪ್ರಿಂಗ್ ಪಟ್ಟಿ ಮುರ್ಕೊಂಡು. ಹಿಂದ್ಗಡೆ ಹುಲ್ಲಿನ ಮೇಲೆ ಮಲಗ್ಸಿದ್ರು. ದನದ ಸಾಲು, ಕತ್ತಿ ಹಿಡ್ಕೊಂಡಿರೋ ಆಳು, ಎಲ್ಲಾ ಅದೇ. ಕುಂಕುಮ ಕೂಡ ಹಂಗೇ ಐತೆ."

"ಎಲ್ಲಿಗೆ ಹೋಯ್ತು?"

"ಇಲ್ಲಿಗೇ, ಮಂಡ್ಯಕ್ಕೆ. ಯಾರೋ ಅರ್ಜಿ ಹಾಕಿದ್ರಂತೆ, ಊರೋರು ಕಲ್ಲು ಹಾಳು ಮಾಡ್ತಾವ್ರೆ ಅಂತ. ಎಂಥಾ ಜನ ಇರ್ತಾರೆ ನೋಡು."

ಆ ಅರ್ಜಿ ಬರೆದವಳು ನಾನು. ಆಮಿನಾಗೆ ಅದು ಗೊತ್ತಿರಲಿಲ್ಲ. ನಾನು ಬರೆದ ವಾರ ಅವಳು ಜ್ವರ ಬಂದು ಮಲಗಿದ್ದಳು.

ಅದು ಎಪ್ಪತ್ತನಾಲ್ಕನೇ ಇಸವಿ. ನಾವಿಬ್ಬರೂ ಬಿ.ಎ. ಎರಡನೇ ವರ್ಷ. ನಮಗೆ ಚರಿತ್ರೆ ಹೇಳುತ್ತಿದ್ದ ತಿರುನಾರಾಯಣ ಮೇಷ್ಟ್ರಿಗೆ ಪಾಠದ ಕೋಣೆ ಎಂದರೆ ಆಗದು. ಭಾನುವಾರ ಬಂತೆಂದರೆ ನಾಲ್ಕೈದು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಶಿಂಷಾ ಹೊಳೆಯ ಜಾಡು ಹಿಡಿದು ಹೊರಡುತ್ತಿದ್ದರು. ಮದ್ದೂರಿನ ಹಳೇ ಗುಡಿಯ ಕಂಬಗಳು, ಚಿಕ್ಕರಸಿನಕೆರೆಯ ಬೀದಿ, ಮಳವಳ್ಳಿಯ ಕೆರೆ ಏರಿ, ಎಲ್ಲ ಸುತ್ತಿದೆವು. ನನಗಂತೂ ಅರ್ಧ ಖುಷಿ ಬಸ್ಸಿನದು, ಇನ್ನರ್ಧ ದಾರಿಯಲ್ಲಿ ಆಲೆಮನೆಯವರು ಕೈಗೆ ಹಾಕುತ್ತಿದ್ದ ಬಿಸಿ ಬೆಲ್ಲದ್ದು. ಆದರೆ ಕಲ್ಲಚ್ಚು ತೆಗೆಯುವ ಕೆಲಸ ಬಂದಾಗ ನಾನು ಬೇರೆಯೇ ಹುಡುಗಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಹಳ್ಳಗಳೊಳಗೆ ಕೂತ ಮೇಲೆ ಮಸಿಯ ಬಟ್ಟೆ ಒತ್ತಬೇಕು. ಕಪ್ಪಿನ ನಡುವೆ ಬೆಳ್ಳಗೆ ಒಂದೊಂದೇ ಅಕ್ಷರ ಏಳುವಾಗ ನನಗೆ ಉಸಿರಾಡುವುದೂ ಮರೆತುಹೋಗುತ್ತಿತ್ತು.

ಹಲಗೂರಿನಿಂದ ಎರಡು ಮೈಲಿ ನಡೆದರೆ ಹೊಳೆದಂಡೆಯಲ್ಲಿ ಒಂದು ಪುಟ್ಟ ಊರು. ಅಲ್ಲಿ ಹೊಂಗೆ ಮರದ ಕೆಳಗಿತ್ತು ಆ ವೀರಗಲ್ಲು. ಯಾವ ಕಾಲದಲ್ಲೋ ಕಳ್ಳರಿಂದ ಊರ ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ಮೈತುಂಬ ಎಣ್ಣೆ ಜಿಡ್ಡು, ಬುಡದಲ್ಲಿ ಹಣತೆ. ಹಣತೆ ಹಚ್ಚುತ್ತಿದ್ದವಳು ದೇವೀರಮ್ಮ. ಅವಳಿಗೆ ಒಬ್ಬನೇ ಮಗ, ಚಲುವರಾಜು. ಮೂರು ವರ್ಷದ ಹಿಂದೆ ಹೊಳೆ ಬಂದಾಗ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಪಕ್ಕದ ಮನೆ ಕೆಂಪಸಿದ್ದಯ್ಯನ ದನ ಹೊಡೆದುಕೊಂಡು ಬರಲು ಈಜಿ ಹೋದ. ದನ ದಡ ಸೇರಿದವು. ಅವನು ಬರಲಿಲ್ಲ. ಕಾವೇರಿ ಸೇರುವ ತನಕ ಹುಡುಕಿದರೂ ಹೆಣ ಸಿಗಲಿಲ್ಲ. ಅವರ ಕಡೆ ಸತ್ತವರನ್ನು ಹೂಳುತ್ತಾರೆ, ವರ್ಷಕ್ಕೊಮ್ಮೆ ಗುಡ್ಡೆಯ ಮುಂದೆ ಎಡೆ ಇಡುತ್ತಾರೆ. ಹೂಳಲು ಹೆಣವಿಲ್ಲದ ಮೇಲೆ ಗುಡ್ಡೆ ಎಲ್ಲಿಯದು? ಕೊನೆಗೆ ಕೆಂಪಸಿದ್ದಯ್ಯನೇ ಅವಳನ್ನು ಈ ಕಲ್ಲಿನ ಮುಂದೆ ತಂದು ಕೂರಿಸಿ, "ಇವ್ನೂ ದನ ಬುಡುಸ್ಕೊಂಡು ಸತ್ತೋನೇ ಕಣವ್ವ, ಇಲ್ಲೇ ಇಕ್ಕು" ಎಂದನಂತೆ.

ಇದನ್ನೆಲ್ಲ ದೇವೀರಮ್ಮ ನಮಗೆ ಮಜ್ಜಿಗೆ ಕೊಡುತ್ತಾ ಹೇಳಿದ್ದಳು. ಎಣ್ಣೆ ಜಿಡ್ಡು ಉಜ್ಜಿ ತೆಗೆಯಲು ಅವಳೇ ಸೀಗೆಪುಡಿ ತಂದುಕೊಟ್ಟಿದ್ದಳು. ನಾನು ತಡವರಿಸುತ್ತಾ ಶಾಸನ ಓದಿದಾಗ ಒಂದೇ ಮಾತು ಕೇಳಿದಳು.

"ಅವ್ರವ್ವನ ಎಸ್ರು ಬರ್ದದಾ ಮಗ?"

"ಇಲ್ಲ ಅಜ್ಜಿ, ಅಪ್ಪನ ಹೆಸರು ಮಾತ್ರ ಇದೆ."

"ಅದೇ ಬುಡು," ಎಂದಿದ್ದಳು.

ಊರಿಗೆ ವಾಪಸು ಬಂದ ಮೇಲೆ ನನಗೊಂದು ಹೆದರಿಕೆ ಹತ್ತಿತು. ದಂಡೆ ಕುಸಿಯುತ್ತಿತ್ತು. ಇನ್ನೊಂದು ಸಲ ಹೊಳೆ ಬಂದರೆ ಕಲ್ಲೂ ಹೋಗುತ್ತದೆ. ಕಲ್ಲಿಗೆ ರಕ್ಷಣೆ ಕೊಡಿ ಎಂದು ಪುರಾತತ್ವ ಇಲಾಖೆಯ ಮಂಡ್ಯ ಕಚೇರಿಗೆ ಒಂದು ಅರ್ಜಿ ಬರೆದೆ. ಸುತ್ತ ಬೇಲಿ ಹಾಕಿ ಮೇಲೊಂದು ತಗಡು ಹೊದಿಸುತ್ತಾರೆ ಅಂದುಕೊಂಡಿದ್ದೆ. ಬರೆದದ್ದು ಸಪ್ಪೆಯಾಗಿ ಕಂಡಿತು. ಆಗ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: 'ಗ್ರಾಮಸ್ಥರು ಅಜ್ಞಾನದಿಂದ ಎಣ್ಣೆ, ಕುಂಕುಮ ಬಳಿದು ಈ ಅಮೂಲ್ಯ ಶಾಸನವನ್ನು ಹಾಳುಗೆಡವುತ್ತಿದ್ದಾರೆ.' ಆ ಸಾಲು ನನಗೆ ಬಹಳ ಹಿಡಿಸಿತ್ತು. ಮೇಷ್ಟ್ರು ಅಕ್ಷರ ಮುತ್ತಿನ ಹಾಗಿದೆ ಎಂದು ಹೊಗಳಿ, ಪೂರ್ತಿ ಓದದೆ ರುಜು ಹಾಕಿದ್ದರು.

ಆಮಿನಾ ಸುದ್ದಿ ತಂದ ದಿನವೇ ತರಗತಿ ಬಿಟ್ಟು ಅವಳ ಜೊತೆ ಆ ಕಚೇರಿಗೆ ಹೋದೆ. ಹಿತ್ತಿಲಲ್ಲಿ ಹಳೇ ಟೈರು, ಮುರಿದ ಕುರ್ಚಿಗಳ ಪಕ್ಕ ಕಲ್ಲು ಅಂಗಾತ ಮಲಗಿತ್ತು. ಇಡೀ ಕಲ್ಲನ್ನು ಅದೇ ಮೊದಲು ನೋಡಿದ್ದು. ಮಣ್ಣಿನೊಳಗೆ ಹೂತಿದ್ದ ಭಾಗ ಬಿಳಿಚಿಕೊಂಡಿತ್ತು.

ಒಳಗಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಇನ್ನೆರಡು ದಿನಕ್ಕೆ ಮೈಸೂರಿಗೆ ಹೋಗುತ್ತಮ್ಮ."

"ಅದನ್ನ ಇದ್ದ ಜಾಗಕ್ಕೇ ವಾಪಸ್ ಕಳಿಸೋಕೆ ಆಗಲ್ವಾ ಸಾರ್?"

"ಅರ್ಜಿ ಬಂದಿತ್ತು, ತಂದಿದ್ದೀವಿ."

"ಆ ಅರ್ಜಿ ವಾಪಸ್ ತಗೊಂಡ್ರೆ?"

ಅವರು ನಕ್ಕರು. "ಕೊಡೋಕೆ ನಮೂನೆ ಇದೆ, ವಾಪಸ್ ತಗೊಳೋಕೆ ನಮೂನೆ ಇಲ್ಲ." ಫೈಲು ತೆರೆದು ಕಾಗದ ತೋರಿಸಿದರು. "ಇದೇ ತಾನೆ ನೀವು ಹೇಳೋದು?"

ಆಮಿನಾ ಬಗ್ಗಿ ನೋಡಿದಳು. ಎರಡು ವರ್ಷದಿಂದ ನನ್ನ ನೋಟ್ಸು ನೋಡಿ ಬರೆದುಕೊಂಡವಳು, ಅಕ್ಷರ ಗುರುತು ಹಿಡಿಯಲು ಎಷ್ಟು ಹೊತ್ತು? ಅವಳು ಮಾತಾಡಿದ್ದು ಬೀದಿಗೆ ಬಂದ ಮೇಲೆಯೇ.

"ಕುಂಕುಮ ಹಚ್ಚಿದ್ರೆ ಹಾಳು ಮಾಡ್ದಂಗೇನೆ?"

"ಬರೆಯೋವಾಗ ಅಜ್ಜಿ ನೆನಪೇ ಬರಲಿಲ್ಲ ಕಣೆ. ಸಾಲು ಚೆನ್ನಾಗಿ ಬಂತು ಅಂತ ಬರೆದೆ."

"ಚೆನ್ನಾಗೇ ಬಂದೈತೆ," ಎಂದಳು. ಆಮೇಲೆ, "ಹಲಗೂರಿಗೆ ಹೋಗೋಣ ನಡಿ. ಬೈಸ್ಕೊಳೋದು ನೀನು, ನಾನು ಬರೀ ಜೊತೆಗೆ."

ನಮ್ಮ ಮನೆ ದಾರಿಯಲ್ಲೇ ಇತ್ತು. ಕಲ್ಲಚ್ಚಿನ ಒಂದು ಪ್ರತಿ ನನ್ನ ಹತ್ತಿರವಿತ್ತು, ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹಲಗೂರಿನಲ್ಲಿ ಇಳಿದಾಗ ಮೂರು ಗಂಟೆ. ಗದ್ದೆ ಬದುವಿನ ಮೇಲೆ ಎರಡು ಮೈಲಿ ನಡೆದೆವು.

ಹೊಂಗೆ ಮರದ ಕೆಳಗೆ ಮೊಣಕಾಲುದ್ದದ ಗುಂಡಿ ಬಾಯಿ ಬಿಟ್ಟುಕೊಂಡಿತ್ತು. ದೇವೀರಮ್ಮ ಅದರ ಸುತ್ತ ಸಗಣಿ ಸಾರಿಸುತ್ತಿದ್ದಳು. ಮಾರನೇ ದಿನ ಮಹಾಲಯ ಅಮಾವಾಸ್ಯೆ, ಸತ್ತವರಿಗೆ ಎಡೆ ಇಡುವ ದಿನ.

"ಬಂದ್ರಾ ಮಕ್ಳೆ. ನೋಡುದ್ರಾ, ಎತ್ಕೊಂಡೋದ್ರು."

ನಾವು ಅವಳ ಪಕ್ಕ ಕೂತೆವು. ಅವಳು ಕೈ ನಿಲ್ಲಿಸದೆ ಹೇಳಿದಳು. "ಒಂದು ಕಾಗ್ದ ಓದುದ್ರು ಕಣ್ಮಗ. ನಾವು ಹಾಳು ಮಾಡ್ತಾ ಇದ್ದೀವಿ ಅಂತ ಬರ್ದಿತ್ತಂತೆ. ಎಣ್ಣೆ ಇಟ್ಟೋಳು ನಾನೊಬ್ಳೇಯ. ಎಣ್ಣೆ ಇಟ್ರೆ ಕಲ್ಲು ಕೆಡ್ತದಾ? ನೀನು ಓದ್ದೋಳು, ಯೋಳು."

ನಾನು ಕಂಕುಳಲ್ಲಿದ್ದ ಕಾಗದದ ಸುರುಳಿಯನ್ನು ಇನ್ನಷ್ಟು ಒತ್ತಿಕೊಂಡೆ.

"ಕೆಡ್ತದೇನೋ. ನಂಗೇನ್ ಗೊತ್ತು. ಅವತ್ತು ವೊಳೆಗೆ ಇಳಿಬ್ಯಾಡ ಅಂತ ಒಂದು ಮಾತು ಅಂದಿದ್ರೆ ನಿಂತಿದ್ದ, ಅನ್ಲಿಲ್ಲ. ಈಗ ಎಣ್ಣೆ ಉಯ್ದು ಉಯ್ದು ಇದ್ನೂ ಕಳ್ಕೊಂಡೆ. ಎಲ್ಡು ಸಲವೂ ನಂದೇ ತೆಪ್ಪು."

ನಾನು ಅವಸರವಾಗಿ ಕಲ್ಲಚ್ಚು ಬಿಚ್ಚಿದೆ. "ಅಜ್ಜಿ, ನಾಳೆಗೆ ಇದನ್ನ ಇಟ್ಕೊಳ್ಳಿ. ಅದೇ ಕಲ್ಲಿಂದೇ ತೆಗೆದಿದ್ದು. ನೋಡಿ, ದನ, ಕತ್ತಿ, ಎಲ್ಲಾ ಇದೆ."

ಅವಳು ಕೈ ಒರೆಸಿಕೊಂಡು ಕಾಗದದ ಮೇಲೆ ಒಂದು ಬೆರಳು ಇಟ್ಟಳು. "ಇದು ನೆಳ್ಳು ಕಣವ್ವ. ನೆಳ್ಳು ಉಣ್ತದಾ? ಮಡಿಕ್ಕೊ, ನೆನೀತದೆ."

ಆಮಿನಾ ನನ್ನ ಮುಖ ನೋಡಲಿಲ್ಲ, ಹೊಳೆಯ ಕಡೆ ನೋಡುತ್ತಿದ್ದಳು.

"ಅಜ್ಜಿ, ತಪ್ಪು ನಿಮ್ಮದಲ್ಲ. ಎಣ್ಣೆಗೆ ಕಲ್ಲು ಕೆಡಲ್ಲ. ಆ ಕಾಗದ ಬರೆದೋಳು ನಾನು."

ಅವಳ ಕೈ ನಿಂತಿತು. ಸಗಣಿ ನೀರು ಹರಿದು ಗುಂಡಿಯೊಳಗೆ ಇಳಿಯಿತು.

"ನೀನಾ?"

"ಹೂಂ."

"ನಮ್ಮಟ್ಟೀಲಿ ಮಜ್ಗೆ ಕುಡುದ್ಯಲ್ಲ, ಅದಾದ್ಮೇಲಾ?"

"ಹೂಂ ಅಜ್ಜಿ."

ಅವಳು ಬೈಯಲಿ ಎಂದು ಕಾದೆ. ಬೈಯಲಿಲ್ಲ. ನಾನು ಅಳುತ್ತಿರುವುದನ್ನು ನೋಡಿಯೂ ಸುಮ್ಮನಿರು ಎನ್ನಲಿಲ್ಲ. ಗುಂಡಿಗೆ ಇಳಿದ ಸಗಣಿ ನೀರನ್ನು ಕೈಯಲ್ಲಿ ಬಳಿದು ತೆಗೆದಳು. ಅಕ್ಕಪಕ್ಕದ ಮನೆಗಳಿಂದ ಕಜ್ಜಾಯದ ವಾಸನೆ ಬರುತ್ತಿತ್ತು.

"ಈಗ ಎಲ್ಲದೆ ಅದು?"

"ಮಂಡ್ಯದಲ್ಲಿ. ಒಂದು ಕಚೇರಿ ಹಿತ್ತಲಲ್ಲಿ. ಇನ್ನೆರಡು ದಿನಕ್ಕೆ ಮೈಸೂರಿಗೆ ಕಳಿಸ್ತಾರಂತೆ."

"ನಿಲ್ಸವ್ರಾ, ಮಲುಗ್ಸವ್ರಾ?"

"ಮಲಗಿಸಿದ್ದಾರೆ."

"ಮಕ ಮ್ಯಾಕೋ, ಕೆಳೀಕೋ?"

"ಮೇಲಕ್ಕೇ ಇದೆ ಅಜ್ಜಿ."

ಅವಳು ಉಸಿರು ಬಿಟ್ಟಳು. "ಅಂಗಾರೆ ಉಣ್ತಾನೆ."

ಎದ್ದು ಸೀರೆ ಕೊಡವಿಕೊಂಡಳು. "ನಾ ಮಳವಳ್ಳಿ ದಾಟಿದೋಳಲ್ಲ. ಅಡ್ಗೆ ಮಾಡ್ಕೊಂಡು, ಅವ್ನ್ಗೆ ತಂದಿರೋ ಅಂಗಿ ಕಟ್ಕೊಂಡು ನಾಳೆ ಮೊದಲ್ನೇ ಬಸ್ಗೆ ಬತ್ತೀನಿ. ನೀನೇ ಬರ್ದೋಳು, ನೀನೇ ತೋರ್ಸು."

ಆ ಗುಮಾಸ್ತರು ಹಿತ್ತಿಲಲ್ಲಿ ಎಡೆ ಇಡಲು ಬಿಡುತ್ತಾರೋ ಇಲ್ಲವೋ, ನನಗೆ ತಿಳಿಯದು. ಬಿಡಲಿಲ್ಲ ಎಂದರೆ ಏನು ಮಾಡಬೇಕೆಂದೂ ತಿಳಿಯದು.

"ಕಚೇರಿಯೋರು ಒಳಗೆ ಬಿಡ್ದಿದ್ರೆ ನಮ್ಮ ಅಬ್ಬನ್ನ ಕರ್ಕೊಂಬರ್ತೀನಿ," ಎಂದಳು ಆಮಿನಾ. "ಆ ಕಚೇರಿ ಲಾರಿ ಡ್ರೈವರ್ ಅಬ್ಬಂಗೆ ಗೊತ್ತು. ಗೇಟಾದ್ರೂ ತೆಗೀತಾನೆ."

ದೇವೀರಮ್ಮ ನನ್ನನ್ನೇ ನೋಡಿದಳು. "ಬಸ್ ಸ್ಟ್ಯಾಂಡ್ನಾಗೆ ನಿಂತಿರು. ನಾ ಅವ್ರಿವ್ರ್ನ ಕೇಳ್ಕೊಂಡು ತಿರ್ಗಾಕಿಲ್ಲ."

"ಒಂಬತ್ತಕ್ಕೇ ಬಂದು ನಿಂತಿರ್ತೀನಿ ಅಜ್ಜಿ."

"ಎಂಟಕ್ಕೇ ಬಾ," ಎಂದಳು ದೇವೀರಮ್ಮ.