ಅಕ್ಕನ ಹೊಲದ ತುಂಬೆ

ಮೂಗಮ್ಮಕ್ಕ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಗುಂಡ್ಲುಪೇಟೆಯ ಬಸ್ಸಿಗೆ ಕಾಯುತ್ತಿದ್ದೆ. ಮಗ ಮಹಾಲಿಂಗ ಫೋನು ಮಾಡಿ, "ಅವ್ವ, ದೊಡ್ಡವ್ವ ಓಗ್ಬುಡ್ತು. ಕಾಫಿ ಕುಡ್ದು ಜಗಲಿ ಮ್ಯಾಲೆ ಕುಂತಿತ್ತು, ಅಂಗೇ ವಾಲ್ಕತು" ಎಂದ.

ಅಕ್ಕ ನನ್ನ ಭಾವ ದೊಡ್ಡಯ್ಯನವರ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದೆವು, ಒಂದೇ ಒಲೆಯಲ್ಲಿ ಬೇಯಿಸಿದೆವು. ಮನೆ ಪಾಲಾದ ಮೇಲೆ ನಡುಗೋಡೆಯ ಆಚೆ ಈಚೆ ಬಾಳಿದೆವು. ಬಸ್ಸಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತೆ. ನೋವಿಲ್ಲ, ನರಳಾಟವಿಲ್ಲ, ಯಾರ ಕೈಯಿಂದಲೂ ಸೇವೆ ಮಾಡಿಸಿಕೊಳ್ಳದೆ ಹೊರಟುಹೋದಳು. ಅಂಥ ಸಾವನ್ನು ಕೊಡೆಂದು ನಾನು ಎಷ್ಟು ವರ್ಷದಿಂದ ಮಾದಪ್ಪನನ್ನು ಬೇಡುತ್ತಿದ್ದೇನೆ. ಅದೂ ಅವಳಿಗೇ ಸಿಕ್ಕಿತಲ್ಲ ಎಂದು ಅಳುವಿನ ನಡುವೆಯೇ ಹೊಟ್ಟೆ ಉರಿಯಿತು.

ನಮ್ಮೂರಿನ ಮಾದೇಶ್ವರನ ಗುಡಿಯಲ್ಲಿ ಕಾರ್ತಿಕದ ಸೋಮವಾರಗಳಂದು ತುಂಬೆ ಹೂವು ಏರಿಸಬೇಕು. ಬೆರಳಿನ ಉಗುರಿನಷ್ಟು ಬಿಳಿಯ ಹೂವು. ಶಿವನಿಗೆ ಅದಕ್ಕಿಂತ ಪ್ರಿಯವಾದದ್ದಿಲ್ಲ. ಹಿಂದೆ ಅದು ಎಲ್ಲರ ಹೊಲದ ಬದುವಿನಲ್ಲೂ ಕೇಳದೆಯೇ ಬೆಳೆಯುತ್ತಿತ್ತು. ಈಗ ಊರೆಲ್ಲ ಕಂಪನಿಗೆ ಚೆಂಡು ಹೂವು ಬೆಳೆಯುತ್ತದೆ. ಕೇರಳದವರು ಕಾರು ನಿಲ್ಲಿಸಿ ಅದರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೂವನ್ನು ಲಾರಿಗೆ ತುಂಬಿ ಕಳಿಸಿದರೆ ಅದರ ಬಣ್ಣ ಹಿಂಡಿ ಪರದೇಶಕ್ಕೆ ಮಾರುತ್ತಾರಂತೆ. ಅಲ್ಲಿ ಅದನ್ನು ಕೋಳಿಗೆ ತಿನ್ನಿಸುತ್ತಾರೆ, ಮೊಟ್ಟೆಯ ಒಳಭಾಗ ಚೆನ್ನಾಗಿ ಹಳದಿಯಾಗಲೆಂದು. ಎಕರೆಗಟ್ಟಲೆ ಬೆಳೆದ ನನ್ನ ಹೂವು ಕೋಳಿಗೆ, ಬೊಗಸೆಯಷ್ಟು ಕಿತ್ತ ಅಕ್ಕನ ಹೂವು ಶಿವನಿಗೆ. ವರ್ಷ ವರ್ಷವೂ ಗುಡಿಗೆ ತುಂಬೆ ತರುತ್ತಿದ್ದವಳು ಅವಳೊಬ್ಬಳೇ.

ನಮ್ಮ ಬದುವಿನ ತುಂಬೆ ಏಕೆ ಹೋಯಿತೆಂದು ಒಮ್ಮೆ ಮಹಾಲಿಂಗನನ್ನು ಕೇಳಿದ್ದೆ.

"ಕಳೆ ಔಸ್ದಿ ಒಡೀತೀವಲ್ಲವ್ವ, ಅದ್ಕೆ. ಅದೂ ಅಲ್ದೆ ಬಿಸ್ಲು ನೋಡು. ಪರಪಂಚದ ಕಾರ್ಖಾನೆ ಒಗೆಯೆಲ್ಲ ಮ್ಯಾಲೆ ತುಂಬ್ಕಂಡು ಭೂಮಿಗೆ ಕಂಬ್ಳಿ ಒದ್ಸಿದಂಗಾಗದೆ. ಕಾವು ಆಚ್ಗೋಗಕ್ಕೆ ದಾರಿಲ್ಲ. ಮಳೆ ಬರೋ ಕಾಲ್ದಲ್ಲಿ ಬರಲ್ಲ, ಊವ ಬುಡೋ ಕಾಲ್ದಲ್ಲಿ ಬುಡಲ್ಲ."

"ಆ ಕಂಬ್ಳಿ ನಿಮ್ ದೊಡ್ಡವ್ವನ ಒಲದ ಮ್ಯಾಲಿಲ್ವಾ?"

ಅವನು ನಕ್ಕುಬಿಟ್ಟ. ಆ ವರ್ಷ ಕಾರ್ತಿಕದಲ್ಲಿ ಅಕ್ಕ ಮುತ್ತುಗದೆಲೆಯ ತುಂಬ ತುಂಬೆ ತಂದು ನನ್ನ ಮುಂದೆಯೇ ಗುಡಿಗೆ ಹೋದಳು. ನಾನು ನೋಡಿದ್ದನ್ನು ಕಂಡು, "ಏನ್ ಲಕ್ಷ್ಮಿ, ಅಷ್ಟೊಂದ್ ಊವ ಒಲ್ದಲ್ಲಿ ಮಡಿಕಂಡು ನನ್ನ ಎಲೆ ಮ್ಯಾಲೆ ಕಣ್ಣಾಕ್ತೀಯಾ?" ಎಂದು ಕೆಣಕಿದಳು. ಹೇಗೆ ಬೆಳೆಸಿದೆ ಎಂದು ಕೇಳಲು ನನ್ನ ಬಿಗುಮಾನ ಬಿಡಲಿಲ್ಲ.

ಅಕ್ಕ ಹೋದದ್ದು ಕಾರ್ತಿಕದ ಮೊದಲಲ್ಲಿ. ಎರಡು ಮನೆಗೂ ಸೂತಕ. ಸೋಮವಾರ ಗುಡಿಯ ಗಂಟೆಯನ್ನು ಮನೆಯಲ್ಲೇ ಕುಳಿತು ಕೇಳಿದೆ. ತಿಥಿ ಮುಗಿದು ಮನೆ ಶುದ್ಧವಾಗಿ ಇನ್ನೊಂದು ಸೋಮವಾರವೂ ಕಳೆದ ಮೇಲೆ ಪೂಜಾರಿ ಗುರುಮಲ್ಲಯ್ಯನವರೇ ಬಾಗಿಲಿಗೆ ಬಂದರು.

"ಲಕ್ಷ್ಮವ್ವ, ಇನ್ನು ಕಡೇ ಸೋಮವಾರ ಒಂದು ಉಳಿದದೆ. ಸ್ವಾಮಿ ಈ ಕಾರ್ತಿಕದಲ್ಲಿ ತುಂಬೆ ಕಂಡಿಲ್ಲ. ಮೂಗಮ್ಮನ ಕೆಲ್ಸ ಇನ್ ಮ್ಯಾಲೆ ನಿಮ್ದೇ."

ಇಷ್ಟು ವರ್ಷ ಕಾದ ಮಾತು. ಆದರೆ ಅಕ್ಕನ ಹೊಲ ಬಿಟ್ಟು ಹೂವೆಲ್ಲಿ? ನಮ್ಮ ಬದು ಸುಟ್ಟಂತೆ ಕೆಂಪಗಿತ್ತು. ಕೆರೆ ಏರಿಗೆ ಹೋದರೆ, ಯಾವುದೋ ದೇಶದ ಗೋಧಿಯ ಜೊತೆ ಬಂತೆನ್ನುವ ಕಾಂಗ್ರೆಸ್ ಗಿಡ ಎದೆಯುದ್ದ ನಿಂತಿತ್ತು. ಗೋಮಾಳದಲ್ಲಿ ಸಿಕ್ಕ ನಾಲ್ಕು ತುಂಬೆ ಗಿಡ ಆಗಲೇ ಹೂವುದುರಿಸಿ ಒಣಗಿದ್ದವು. ಭಾನುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಅಕ್ಕನ ಹೊಲಕ್ಕೆ ಹೋದೆ.

ಹೊಲದ ತುದಿಯಲ್ಲಿ ಹೊಂಗೆಮರ. ಅಂಥದೇ ಮರ ನಮ್ಮ ಪಾಲಿನಲ್ಲೂ ಇತ್ತು. ಚೆಂಡು ಹೂವಿಗೆ ನೆರಳಾಗುತ್ತದೆಂದು ಕಡಿಸಿದ್ದೆವು. ಅಕ್ಕನ ಮರದ ಕೆಳಗೆ ನಾಲ್ಕು ಚಾಪೆ ಹಾಸುವಷ್ಟು ಜಾಗದಲ್ಲಿ ಉತ್ತಿಲ್ಲ, ಬಿತ್ತಿಲ್ಲ, ತುಂಬೆ ಬಿಳಿಯಾಗಿ ತುಂಬಿಕೊಂಡಿತ್ತು. ಜೇನುನೊಣಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಭಾವ ಅಲ್ಲೇ ಮರಕ್ಕೊರಗಿ ಕುಳಿತಿದ್ದರು.

"ಅಕ್ಕ ಇದ್ಕೆ ಏನ್ ಆಕ್ತಿದ್ಲು ಭಾವ? ನೀರು, ಗೊಬ್ಬರ?"

"ಏನೂ ಇಲ್ಲ ಕಣವ್ವ. ಬುಟ್ಬುಟ್ಟಿದ್ಲು, ಅಷ್ಟೇಯ. ಔಸ್ದಿ ಒಡ್ಯಕ್ಕೆ ಬುಡ್ನಿಲ್ಲ, ಮರ ಕಡ್ಯಕ್ಕೆ ಬುಡ್ನಿಲ್ಲ. ನಾನೂ ಬಾಯ್ ಬಡ್ಕಂಡೆ, ಕೇಳ್ನಿಲ್ಲ."

ಹಗಲಿರುಳು ದುಡಿದು ಬೆಳೆಸಿದ್ದಳೆಂದರೆ ನಾನೂ ದುಡಿಯಬಹುದಿತ್ತು. ಸುಮ್ಮನೆ ಬಿಟ್ಟು ಗೆದ್ದವಳ ಮುಂದೆ ನಾನೇನು ಮಾಡಲಿ?

ಭಾವ ನೆಲ ನೋಡುತ್ತ ಹೇಳಿದರು: "ನಿನ್ ಮಗ ಇದ್ನೂ ಸೇರ್ಸಿ ಚೆಂಡೂವ ಆಕನ ಅಂತನೆ. ಅವ್ಳೇ ಇಲ್ಲ, ನನ್ಗ್ಯಾಕೆ ಬೇಕು. ಮರ ಕಡ್ಯೋರು ನಾಳೆ ನೋಡಕ್ಕೆ ಬತ್ತರೆ. ನೀ ಏನಂತೀಯ?"

ಒಪ್ಪಿಬಿಡು ಎಂದಿತು ಮನಸ್ಸು. ಈ ಜಾಗ ಹೋದರೆ ಅಕ್ಕನ ಹೆಸರೂ ಹೋಗುತ್ತದೆ, ಎಲ್ಲರ ಬದುವೂ ನನ್ನ ಬದುವಿನಂತೆಯೇ ಆಗುತ್ತದೆ. ಹೂಂ ಎನ್ನಲು ಬಾಯಿ ತೆರೆದೆ. ಆಗ ಊರ ಹೆಂಗಸರು ಗುಡಿಯ ಮುಂದೆ ನಾಳೆ ಆಡುವ ಮಾತು ಕಿವಿಗೆ ಬಿದ್ದಂತಾಯಿತು: ಮೂಗಮ್ಮ ಇರೋಗಂಟ ಸ್ವಾಮಿಗೆ ತುಂಬೆ ಇತ್ತು, ಲಕ್ಷ್ಮಿ ಕೈಗೆ ಬಂತು, ನೆಲ ಬರ್ದಾಯ್ತು. ಬದುಕಿದ್ದಾಗ ಗೆದ್ದವಳು ಸತ್ತ ಮೇಲೂ ನನ್ನನ್ನು ಗೆಲ್ಲುವುದು ಬೇಡ.

"ಬ್ಯಾಡ ಭಾವ. ಮರ ಇರ್ಲಿ, ನೆಲನೂ ಅಂಗೇ ಇರ್ಲಿ. ಮಹಾಲಿಂಗುಂಗೆ ನಾನೇಳ್ತೀನಿ."

ಭಾವ ಪಂಚೆಯ ತುದಿಯಿಂದ ಕಣ್ಣೊರಸಿಕೊಂಡರು. "ನಿಮ್ಮಕ್ಕನ ಮ್ಯಾಲೆ ಎಷ್ಟು ಪಿರೂತಿ ಕಣವ್ವ ನಿಂಗೆ" ಎಂದರು.

ಸೋಮವಾರ ಮಿಂದು ಮಡಿಯುಟ್ಟು ಹೂವು ಬಿಡಿಸಿ ಮುತ್ತುಗದೆಲೆಯಲ್ಲಿ ತಂದೆ. ಗುರುಮಲ್ಲಯ್ಯನವರು ಎಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಒಳಗೆ ಹೋಗಿ, ಎಷ್ಟೋ ವರ್ಷದ ವಾಡಿಕೆಯಲ್ಲಿ "ಮೂಗಮ್ಮ" ಎಂದು ಹೆಸರು ಹೇಳಿ ಅರ್ಚನೆ ಶುರುಮಾಡಿಬಿಟ್ಟರು. ಆಮೇಲೆ ನೆನಪಾಗಿ ತಿರುಗಿದರು. ಸತ್ತವರ ಹೆಸರಿನಲ್ಲಿ ಅರ್ಚನೆಯಿಲ್ಲ.

"ತಪ್ಪಾಯ್ತು ಕಣವ್ವ. ನಿಮ್ ಹೆಸರಲ್ಲಿ ಮತ್ತೆ ಮಾಡ್ತೀನಿ, ಒಂಚೂರು ಹೂವ ಉಳಿದದೆ."

ಎಲೆಯಲ್ಲಿ ಒಂದು ಹಿಡಿ ಹೂವು ಇತ್ತು. ನನ್ನ ಕೈ ಕಿತ್ತದ್ದು, ಅವಳ ನೆಲ ಕೊಟ್ಟದ್ದು. ನನ್ನ ಹೆಸರು ನಾಲಿಗೆಯ ತುದಿಗೆ ಬಂತು. ಇಷ್ಟು ಹೂವು ಅವಳದೆಂದು ಗೊತ್ತಿದ್ದೂ ಸ್ವಾಮಿಯ ಮುಂದೆ ನನ್ನದೆನ್ನಲು ಆಗಲಿಲ್ಲ.

"ಇರ್ಲಿ ಬುಡಿ ಅಯ್ನೋರೆ. ಅದನ್ನೂ ಅಂಗೇ ಏರ್ಸಿ" ಎಂದೆ.

ಬಿಳಿಯ ಹೂವು ಲಿಂಗದ ನೆತ್ತಿಯ ಮೇಲೆ ನಿಂತಿತು. ಕೈ ಮುಗಿದೆ. ಮಾದಪ್ಪ, ನನ್ನ ಅಕ್ಕ ನಿನ್ನ ಪಾದ ಸೇರಿದ್ದಾಳೆ. ನನಗಿಂತ ಮೊದಲು ಸೇರಿದ್ದಾಳೆ, ಅದೂ ನನಗೆ ಸಂಕಟವೇ. ಆದರೂ ಅವಳನ್ನು ತಂಪಾದ ಕಡೆ ಇರಿಸು. ಈ ಬಿಸಿಲು ಅವಳಿಗೆ ತಾಗದಿರಲಿ. ಹೊಲದ ಚಿಂತೆ, ಗಂಡನ ಚಿಂತೆ ಯಾವುದೂ ಅವಳನ್ನು ಹಿಂದಕ್ಕೆಳೆಯದಿರಲಿ. ಅವಳ ಜೀವಕ್ಕೆ ಶಾಂತಿ ಕೊಡು, ತಂದೆ.